ವೈಲೆನ್ಸ್ ಇಂಟರಪ್ಟರ್ ಅಂದ್ರೆ ಯಾರು?

ನಾವು 'ಜಗಳ ಬಿಡಿಸೋದು' ಅಂತೀವಲ್ಲ, ಅದು ಇಬ್ಬರು ಕೊರಳಪಟ್ಟಿ ಹಿಡಿದ ಮೇಲಿನ ಕೆಲಸ. ವೈಲೆನ್ಸ್ ಇಂಟರಪ್ಟರ್ ಅದಕ್ಕೂ ಮೊದಲೇ ಬರುತ್ತಾನೆ. ಗುಂಡು ಹಾರುವ ಮುಂಚೆ ಅಡ್ಡ ನಿಲ್ಲುತ್ತಾನೆ. 'ಹಿಂಸಾ ನಿವಾರಕ' ಅಂದರೆ ನೋವಿನ ಮುಲಾಮಿನ ಹೆಸರಿನಂತೆ ಕೇಳುತ್ತದೆ, ಹಾಗಾಗಿ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದ್ದೇನೆ.

ಪದ ಶಿಕಾಗೊದ್ದು. ಗ್ಯಾರಿ ಸ್ಲಟ್ಕಿನ್ ಎಂಬ ಡಾಕ್ಟರು ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ತಡೆಯುವ ಕೆಲಸ ಮಾಡಿ ಅಮೆರಿಕಕ್ಕೆ ಮರಳಿದರು. ನೋಡಿದರೆ ಅಲ್ಲಿ ಗುಂಡೇಟೂ ರೋಗದ ಹಾಗೇ ಹಬ್ಬುತ್ತಿತ್ತು. ಒಂದು ಕೊಲೆ, ಅದರ ಸೇಡಿಗೆ ಇನ್ನೊಂದು. 2000ರಲ್ಲಿ ಅವರ ತಂಡ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಕೆಲಸ ಶುರು ಮಾಡಿತು. 2004ರಲ್ಲಿ ಇಂಟರಪ್ಟರ್‌ಗಳು ಬಂದರು. ಸಂಬಳದ ಕೆಲಸವೇ, ಆದರೆ ಡಿಗ್ರಿ ನೋಡಿ ಕೊಡುವಂಥದ್ದಲ್ಲ. ಅದೇ ಓಣಿಗಳಲ್ಲಿ ಗುಂಡಿನ ಸದ್ದು ಕೇಳುತ್ತಾ ಬೆಳೆದವರು, ತಮ್ಮವರನ್ನು ಮಣ್ಣು ಮಾಡಿ ಬಂದವರು, ಎಷ್ಟೋ ಜನ ಜೈಲು ಕಂಡವರು. ಪೊಲೀಸರಿಗೆ ಸುದ್ದಿ ಮುಟ್ಟಿಸಲ್ಲ. ಮುಟ್ಟಿಸಿದರೆ ಮರುದಿನ ಅವರೆದುರು ಯಾರು ಬಾಯಿ ಬಿಡ್ತಾರೆ?

ಎಲ್ಲದಕ್ಕೂ ಇದು ಮದ್ದಲ್ಲ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂ ಹಣದ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿಸಿದರಲ್ಲ, ಅಂಥ ದರೋಡೆಗೆ ಪೊಲೀಸರೇ ಬೇಕು. ಇಂಟರಪ್ಟರ್ ಬೇಕಾಗೋದು ಗುರುತು ಪರಿಚಯದವರ ಹಗೆಗೆ.

ನಾನು ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯವನು, ಭೀಮಾ ದಂಡೆಯ ಊರು. ಈ ಪದ ಓದಿದಾಗ ನೆನಪಾದದ್ದು ನಮ್ಮ ಓಣಿಯ ಒಬ್ಬ ಕಾಕಾ. ಹೊಲದ ಬದುವಿನ ಜಗಳ. ಹುಡುಗನೊಬ್ಬ ಕಂಟ್ರಿ ಪಿಸ್ತೂಲ್ ಸೊಂಟಕ್ಕೆ ಸಿಗಿಸಿಕೊಂಡು ಹೊರಟಿದ್ದ. ಕಾಕಾ ಬಂದು ಹೊಸ್ತಿಲ ಮೇಲೆ ಕೂತುಬಿಟ್ಟರು. ಬುದ್ಧಿ ಹೇಳಲಿಲ್ಲ, ತಪ್ಪು ಯಾರದು ಅಂತ ಕೇಳಲೂ ಇಲ್ಲ. "ಚಹಾ ಮಾಡ್ಸು ತಮ್ಮಾ. ಇವತ್ತ ಬ್ಯಾಡ, ನಾಳಿ ನೋಡೋಣು" ಅಂದರು. ಬಸಿಗೆ ಚಹಾ ಸುರುವಿಕೊಂಡು ನಿಧಾನ ಕುಡಿದರು. ಬಸಿ ಹಿಡಿದ ಕೈಯಲ್ಲಿ ಎರಡು ಬೆರಳಿರಲಿಲ್ಲ, ಹರೆಯದ ಒಂದು ಬಡಿದಾಟದಲ್ಲಿ ಹೋಗಿದ್ದವು. ಹುಡುಗ ಆ ಕೈಯನ್ನೇ ನೋಡುತ್ತಾ ನಿಂತಿದ್ದ. ಕಾಕಾ ಎರಡನೇ ಕಪ್ ಕೇಳಿದರು.

ಇಂಟರಪ್ಟರ್ ಗಳಿಸೋದು ಆ ಒಂದು ರಾತ್ರಿಯನ್ನಷ್ಟೇ. ಉಳಿದ ಮಾತು ಆಮೇಲೆ.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ. ಓಣಿಯಲ್ಲಿ ಯಾರದಾದರೂ ದನಿ ಏರಿದರೆ ಮೊದಲು ಚಪ್ಪಲಿ ಮೆಟ್ಟಿಕೊಂಡು ಹೊರಡುವವನು ಅವನೇ.