ಇರುವ ಮನೆಯಿಂದಲೇ ತಿಂಗಳ ಖರ್ಚು: ರಿವರ್ಸ್ ಮಾರ್ಟ್‌ಗೇಜ್‌ನ ಒಳಲೆಕ್ಕ

ಮೈಸೂರಿನ ಕುವೆಂಪುನಗರದ ದಂಪತಿಯೊಬ್ಬರು ಸ್ವಲ್ಪ ಕಾಲದ ಹಿಂದೆ ನನ್ನ ಕಚೇರಿಗೆ ಬಂದಿದ್ದರು. ಯಜಮಾನರಿಗೆ 66 ವರ್ಷ, ಅವರ ಪತ್ನಿಗೆ 61. ಖಾಸಗಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಅವರಿಗೆ ಭವಿಷ್ಯನಿಧಿಯ ಇಪಿಎಸ್ ಪಿಂಚಣಿಯೆಂದು ಬರುವುದು ತಿಂಗಳಿಗೆ 2,900 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2ರ ಬಡ್ಡಿಗೆ ಇಟ್ಟಿರುವ 10 ಲಕ್ಷದಿಂದ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ, ಮೇಲಂತಸ್ತಿನ ಬಾಡಿಗೆಯಿಂದ ತಿಂಗಳಿಗೆ 9,000 ರೂಪಾಯಿ ಬರುತ್ತದೆ. ಎಲ್ಲ ಕೂಡಿದರೂ ತಿಂಗಳಿಗೆ 19,000 ಮುಟ್ಟುವುದಿಲ್ಲ; ಔಷಧದ ಖರ್ಚೂ ಸೇರಿ ಮನೆ ನಡೆಯಲು 28,000 ಬೇಕು. ಮನೆಯನ್ನು ಬಿಡದೆಯೇ ಮನೆಯಿಂದ ಹಣ ಪಡೆಯುವ ಯೋಜನೆಯೊಂದಿದೆಯೆಂದು ಯಜಮಾನರು ಎಲ್ಲೋ ಓದಿದ್ದರು. ಅವರು ಮಾತು ಮುಗಿಸುವ ಮೊದಲೇ ಪತ್ನಿ ಕೇಳಿದರು: "ಸಾಲ ತೀರಿಸಿ ಇಪ್ಪತ್ತು ವರ್ಷ ಆಯ್ತು ಸಾರ್, ಈಗ ಮತ್ತೆ ಮನೆ ಅಡ ಇಡೋದಾ?"

ಆ ತಾಯಿಯ ಪ್ರಶ್ನೆ ತಪ್ಪಲ್ಲ. ರಿವರ್ಸ್ ಮಾರ್ಟ್‌ಗೇಜ್ ಎಂಬುದು ಪಿಂಚಣಿಯಲ್ಲ, ಸಾಲವೇ. ಗೃಹಸಾಲದಲ್ಲಿ ಬ್ಯಾಂಕು ಒಮ್ಮೆಗೇ ಹಣ ಕೊಟ್ಟು ನಮ್ಮಿಂದ ಕಂತು ಕಟ್ಟಿಸಿಕೊಳ್ಳುತ್ತದೆ. ಇಲ್ಲಿ ಬ್ಯಾಂಕೇ ನಮಗೆ ಕಂತು ಕಟ್ಟುತ್ತದೆ, ಸಾಲವೂ ಅದರ ಮೇಲಿನ ಚಕ್ರಬಡ್ಡಿಯೂ ಮನೆಯ ಮೇಲೆ ಸದ್ದಿಲ್ಲದೆ ಬೆಳೆಯುತ್ತ ಹೋಗುತ್ತವೆ. ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು 2007-08ರ ಬಜೆಟ್‌ನಲ್ಲಿ ಈ ಯೋಜನೆಯನ್ನು ಪ್ರಕಟಿಸಿದರು. ಅದೇ ವರ್ಷ ರಾಷ್ಟ್ರೀಯ ವಸತಿ ಬ್ಯಾಂಕು ಇದರ ಮಾರ್ಗಸೂಚಿಗಳನ್ನು ಹೊರಡಿಸಿತು. ಮನೆಯ ಒಡೆಯರಿಗೆ 60 ತುಂಬಿರಬೇಕು. ದಂಪತಿ ಜಂಟಿಯಾಗಿ ಪಡೆಯುವುದಾದರೆ ಒಬ್ಬರಿಗೆ 60 ತುಂಬಿ ಮತ್ತೊಬ್ಬರಿಗೆ 55ಕ್ಕಿಂತ ಕಡಿಮೆ ಇರಬಾರದು. ಇಬ್ಬರಲ್ಲಿ ಕೊನೆಯವರು ತೀರಿಕೊಳ್ಳುವವರೆಗೆ, ಅಥವಾ ಅವರು ಮನೆಯನ್ನು ಶಾಶ್ವತವಾಗಿ ಬಿಟ್ಟುಹೋಗುವವರೆಗೆ, ಸಾಲ ತೀರಿಸಬೇಕಾಗಿಲ್ಲ. ಸಾಲವಾದ್ದರಿಂದ ಕೈಗೆ ಬರುವ ಹಣವನ್ನು ಆದಾಯವೆಂದು ಎಣಿಸಿ ತೆರಿಗೆ ಹಾಕುವುದಿಲ್ಲ. 2008ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಇದನ್ನು ಸ್ಪಷ್ಟಪಡಿಸಲಾಯಿತು.

ಎಷ್ಟು ಹಣ ಬರುತ್ತದೆ ಎಂಬಲ್ಲಿಗೆ ಬಂದಾಗ ಹೆಚ್ಚಿನವರ ಮುಖ ಬಾಡುತ್ತದೆ. ಮನೆಯ ಬೆಲೆ ಒಂದು ಕೋಟಿ, ಬಡ್ಡಿಯೂ ಸೇರಿ ಅವಧಿಯ ಕೊನೆಗೆ ಅದರ ಶೇ. 60ರಷ್ಟು ಸಾಲ, ಬಡ್ಡಿ ದರ ಶೇ. 10 ಎಂದು ಇಟ್ಟುಕೊಳ್ಳೋಣ. 15 ವರ್ಷಗಳ ಅವಧಿಗೆ ತಿಂಗಳಿಗೆ ಸಿಗುವುದು ಸುಮಾರು 14,475 ರೂಪಾಯಿ. ಅಂದರೆ 15 ವರ್ಷಗಳಲ್ಲಿ ಕೈಗೆ ಬರುವುದು 26 ಲಕ್ಷ, ಅದರ ಮೇಲೆ ಬೆಳೆಯುವ ಬಡ್ಡಿ 34 ಲಕ್ಷ. ಅವಧಿಯನ್ನು 20 ವರ್ಷಕ್ಕೆ ಎಳೆದರೆ ತಿಂಗಳ ಹಣ 7,900 ರೂಪಾಯಿಗೆ ಇಳಿಯುತ್ತದೆ; 10 ವರ್ಷಕ್ಕೆ ಮೊಟಕುಗೊಳಿಸಿದರೆ 29,300ರ ಹತ್ತಿರ ಏರುತ್ತದೆ. ಮನೆ ಅದೇ, ದರವೂ ಅದೇ. ಬದಲಾದದ್ದು ಕಾಲ ಮಾತ್ರ. ಹೀಗಾಗಿ ನಿವೃತ್ತಿಯ ಮರುದಿನವೇ ಈ ಸಾಲಕ್ಕೆ ಕೈಚಾಚುವುದನ್ನು ನಾನು ಒಪ್ಪುವುದಿಲ್ಲ. 60ಕ್ಕೆ ಹೋದವರು ದೀರ್ಘ ಅವಧಿ ಆರಿಸಿ ಪುಡಿಗಾಸು ಪಡೆಯುತ್ತಾರೆ, ಇಲ್ಲವೇ ಚಿಕ್ಕ ಅವಧಿ ಆರಿಸಿ 75ಕ್ಕೆಲ್ಲ ಬರಿಗೈಯಾಗುತ್ತಾರೆ. ಅವಧಿ ಮುಗಿದ ಮೇಲೂ ಮನೆಯಲ್ಲಿ ಇರಬಹುದೆಂಬುದು ನಿಜ. ಆದರೆ ತಿಂಗಳ ಹಣ ನಿಂತಿರುತ್ತದೆ, ಬಡ್ಡಿ ನಿಂತಿರುವುದಿಲ್ಲ. ಕಾದಷ್ಟೂ, ವಯಸ್ಸಿಗೆ ತಕ್ಕಂತೆ, ಮನೆಯ ಬೆಲೆಯಲ್ಲಿ ಸಾಲವಾಗಿ ಸಿಗುವ ಪಾಲು ಕೂಡ ದೊಡ್ಡದಾಗುತ್ತದೆ.

ಮೇಲಂತಸ್ತಿನ ಬಾಡಿಗೆಯ ವಿಷಯವನ್ನು ಆ ದಂಪತಿ ಯೋಚಿಸಿಯೇ ಇರಲಿಲ್ಲ. ಮಾರ್ಗಸೂಚಿಯ ಪ್ರಕಾರ ಮನೆಯು ಸಾಲಗಾರರ ಸ್ವಂತ ವಾಸಕ್ಕಿರಬೇಕು. ಮನೆಯನ್ನಾಗಲಿ ಅದರ ಒಂದು ಭಾಗವನ್ನಾಗಲಿ ಬಾಡಿಗೆಗೆ ಕೊಡುವುದು ಬ್ಯಾಂಕು ಸಾಲವನ್ನು ಮಧ್ಯದಲ್ಲೇ ಮುಕ್ತಾಯಗೊಳಿಸಲು ಕಾರಣವಾಗಬಹುದು. ಒಂದು ವರ್ಷ ಸತತವಾಗಿ ಮನೆಯಲ್ಲಿ ಇರದಿದ್ದರೂ, ಕಂದಾಯ ಕಟ್ಟದಿದ್ದರೂ ಹಾಗೆಯೇ. 14,475 ರೂಪಾಯಿ ಬರುವಾಗ ಬಾಡಿಗೆಯ 9,000 ಕೈತಪ್ಪಿದರೆ ನಿಜವಾಗಿ ಹೆಚ್ಚಾಗುವುದು ಸುಮಾರು 5,500 ರೂಪಾಯಿ ಮಾತ್ರ, ಅದಕ್ಕಾಗಿ ಮನೆಯ ಮೇಲೆ 60 ಲಕ್ಷದ ಸಾಲ! ನಮ್ಮ ಊರುಗಳಲ್ಲಿ 30-40ರ ನಿವೇಶನದಲ್ಲಿ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಡುವವರು ಎಷ್ಟೋ ಮಂದಿ. ಅವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಲೆಕ್ಕ ಇದೇ.

ಹಾಗಾದರೆ ಇದು ಯಾರಿಗೆ ಒಗ್ಗುತ್ತದೆ? ಒಂದೇ ಅಂತಸ್ತಿನ ಮನೆ, ತಮ್ಮದೇ ಹೆಸರಿನ ಸ್ವಯಾರ್ಜಿತ ಆಸ್ತಿ, 75 ದಾಟಿದ ವಯಸ್ಸು, ಮಕ್ಕಳಿಲ್ಲ ಅಥವಾ ಮಕ್ಕಳಿಗೆ ಆ ಮನೆಯ ಅಗತ್ಯವಿಲ್ಲ: ಇಂಥವರಿಗೆ ನಾನೇ ಮುಂದೆ ನಿಂತು ಅರ್ಜಿ ಹಾಕಿಸಿದ್ದೇನೆ. ಮನೆ ಮಾರಿ ಬಾಡಿಗೆ ಮನೆಗೆ ಹೋಗಿ, ಹನ್ನೊಂದು ತಿಂಗಳಿಗೊಮ್ಮೆ ಕರಾರಿನ ಮಾತಾಡುವ ಪಾಡು ಆ ವಯಸ್ಸಿನಲ್ಲಿ ಯಾರಿಗೂ ಬೇಡ. ಹೀಗೆ ಅರ್ಜಿ ಹಾಕಲು ಹೋದಾಗ ಒಂದು ಶಾಖೆಯಲ್ಲಿ ನಮ್ಮ ಕೈಗೆ ಗೃಹಸಾಲದ ನಮೂನೆಯನ್ನು ಕೊಟ್ಟು, ಮಗನ ಸಂಬಳದ ಚೀಟಿ ತರಲು ಹೇಳಿದ್ದರು. ಕೇಳುವವರೇ ಇಲ್ಲದ ಯೋಜನೆಯ ಬಗ್ಗೆ ಸಿಬ್ಬಂದಿಗೂ ತಿಳಿದಿರುವುದಿಲ್ಲ.

ಮಕ್ಕಳ ವಿಷಯದಲ್ಲಿ ಮುಚ್ಚುಮರೆ ಕೂಡದು. ಮನೆ ಬ್ಯಾಂಕಿನ ಪಾಲಾಗುತ್ತದೆಂಬ ಅವರ ಭಯ ಅರ್ಧಸತ್ಯ. ತಂದೆತಾಯಿ ತೀರಿಕೊಂಡ ಮೇಲೆ ಸಾಲವನ್ನು ಬಡ್ಡಿಸಹಿತ ತೀರಿಸಿ ಮನೆಯನ್ನು ಬಿಡಿಸಿಕೊಳ್ಳುವ ಮೊದಲ ಅವಕಾಶ ವಾರಸುದಾರರದು. ಅವರು ಬೇಡವೆಂದರೆ ಬ್ಯಾಂಕು ಮನೆಯನ್ನು ಮಾರಿ, ತನ್ನ ಬಾಕಿಯನ್ನು ಮುರಿದುಕೊಂಡು ಮಿಕ್ಕ ಹಣವನ್ನು ಅವರಿಗೇ ಕೊಡಬೇಕು. ಮಾರಿದ ಬೆಲೆ ಸಾಲಕ್ಕೆ ಸಾಲದಿದ್ದರೆ ಆ ನಷ್ಟ ಬ್ಯಾಂಕಿನದೇ. ಮಕ್ಕಳ ಇತರ ಆಸ್ತಿಗೆ ಅದು ಕೈಹಾಕುವಂತಿಲ್ಲ. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು, ಆಮೇಲೆ ಊಟಕ್ಕಾಗಿ ಉಪವಿಭಾಗಾಧಿಕಾರಿಗಳ ಮುಂದೆ ನಿಲ್ಲುವ ಹಿರಿಯರನ್ನೂ ಕಂಡಿದ್ದೇನೆ. 2007ರ ಹಿರಿಯ ನಾಗರಿಕರ ಕಾಯಿದೆಯಡಿ ಅಂಥ ದಾನವನ್ನು ರದ್ದುಪಡಿಸಬಹುದಾದರೂ, ಪೋಷಣೆಯ ಷರತ್ತನ್ನು ಪತ್ರದಲ್ಲೇ ಬರೆಸದವರಿಗೆ ಆ ಹಾದಿ ಸುಲಭವಲ್ಲ.

ಇನ್ನು ಕಾಗದಪತ್ರ. ಆ ದಂಪತಿ ತಂದಿದ್ದ, ದಾರ ಕಟ್ಟಿದ ಕಡತವನ್ನು ನನ್ನ ಮೇಜಿನ ಮೇಲೆ ಬಿಚ್ಚಿದಾಗ ಹಂಚಿಕೆ ಪತ್ರ, ಗುತ್ತಿಗೆ ಸಹಿತ ಮಾರಾಟದ ಕರಾರು, ಖಾತಾ, ಕಂದಾಯದ ರಸೀದಿ ಎಲ್ಲವೂ ಇಸವಿಯ ಪ್ರಕಾರ ಅಚ್ಚುಕಟ್ಟಾಗಿದ್ದವು. ಗುತ್ತಿಗೆ ಮುಗಿದ ಮೇಲೆ, ನಿವೇಶನ ಹಂಚಿದ ಪ್ರಾಧಿಕಾರದಿಂದ ಆಗಬೇಕಾಗಿದ್ದ, ಪೂರ್ಣ ಒಡೆತನ ಕೊಡುವ ಶುದ್ಧ ಕ್ರಯಪತ್ರ ಮಾತ್ರ ಇರಲಿಲ್ಲ. ಗುತ್ತಿಗೆಯ ಅವಧಿ ಎಂದೋ ಮುಗಿದಿದ್ದರೂ ಅವರು ಅದನ್ನು ಮಾಡಿಸಿಕೊಂಡೇ ಇರಲಿಲ್ಲ. ಮನೆಯಲ್ಲಿ ವಾಸವಿದ್ದವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿದಾಗ, ಎಂದೋ ತೀರಿಸಿದ ಗೃಹಸಾಲದ ಅಡಮಾನವೂ ಅದರಲ್ಲಿ ಹಾಗೆಯೇ ಕಾಣುತ್ತಿತ್ತು. ಹಕ್ಕು ಸ್ಪಷ್ಟವಿರದ ಮನೆಯ ಮೇಲೆ ಯಾವ ಬ್ಯಾಂಕೂ ಸಾಲ ಕೊಡದು. ಪಿತ್ರಾರ್ಜಿತ ಮನೆಗೆ ಈ ಯೋಜನೆ ಮೊದಲೇ ಇಲ್ಲ. ಕಟ್ಟಡಕ್ಕೆ ಇನ್ನೂ 20 ವರ್ಷ ಬಾಳಿಕೆಯಿದೆಯೇ ಎಂಬುದನ್ನೂ ನೋಡುತ್ತಾರೆ.

ಸದ್ಯಕ್ಕೆ ಬೇಡವೆಂದು ಅವರಿಗೆ ಹೇಳಿದೆ. ಮಗಳನ್ನೂ ಕೂರಿಸಿಕೊಂಡು ಮಾತಾಡಿದೆವು. ಔಷಧದ ಖರ್ಚನ್ನು ಆಕೆ ವಹಿಸಿಕೊಂಡರು, ಮೇಲಂತಸ್ತಿನ ಬಾಡಿಗೆಯೂ ಹೊಸ ಕರಾರಿನಲ್ಲಿ ಸ್ವಲ್ಪ ಏರಿತು. ಯಜಮಾನರಿಗೆ 75 ತುಂಬಿದಾಗ ಮತ್ತೆ ಲೆಕ್ಕ ಹಾಕೋಣವೆಂದು ಒಪ್ಪಿದ್ದಾರೆ. ಕಳೆದ ತಿಂಗಳು ತಾಯಿಯವರು ಒಬ್ಬರೇ ಬಂದು, ನೋಂದಣಿಯಾದ ಶುದ್ಧ ಕ್ರಯಪತ್ರದ ಒಂದು ಪ್ರತಿಯನ್ನು ನನ್ನ ಕಡತಕ್ಕೆಂದು ಕೊಟ್ಟುಹೋದರು. ಋಣಭಾರ ಪತ್ರದಲ್ಲಿನ ಹಳೆಯ ನಮೂದನ್ನು ತೆಗೆಸುವ ಕೆಲಸ ಇನ್ನೂ ಬಾಕಿ ಇದೆ.