ಕತ್ತರಿ ತಾಗದ ಟೋಪಿ

ಹೊಲಿದ ಟೋಪಿಗೆ ಆಕಾರ ಕೊಡುವುದು ಕತ್ತರಿ. ಹೆಣೆದ ಟೋಪಿಗೆ ಎಣಿಕೆ. ತುಸು ಜೋಲುವ ಲೇಸ್ ಬೆರೆಟ್, ಅಂದರೆ ತೂತಿನ ವಿನ್ಯಾಸವಿರುವ ಚಪ್ಪಟೆ ದುಂಡು ಟೋಪಿ, ಹೆಣೆಯಲು ಕೂತಾಗ ಇದು ಕೈಗೇ ತಿಳಿಯುತ್ತದೆ.

ದುಂಡಗೆ ಹೆಣೆಯುವಾಗ ಒಂದು ಸುತ್ತು ಮುಗಿದಲ್ಲೇ ಮುಂದಿನದು ಶುರು. ಬಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಂಡರೂ, ಅದು ಒಂದೇ ನೂಲು ಸುರುಳಿಯಾಗಿ ಮೇಲೇರಿದ್ದು. ಮೊದಲ ಸುತ್ತನ್ನು ಕೂಡಿಸುವಾಗ ಕುಣಿಕೆಗಳ ಸಾಲು ಕಡ್ಡಿಗೆ ಸುತ್ತಿಕೊಂಡಿದ್ದರೆ ಆ ತಿರುಚು ಅಲ್ಲೇ ಉಳಿಯುತ್ತದೆ. ಹೆಣಿಗೆ ಬೆಳೆದ ಮೇಲೆ ಬಿಚ್ಚದೆ ಬೇರೆ ದಾರಿಯಿಲ್ಲ.

ನನಗೆ ತುಂಬ ಇಷ್ಟವಾದದ್ದು ಟೋಪಿಯ ನೆತ್ತಿಯ ಲೆಕ್ಕ. ಅಂಚಿನಿಂದ ನಡುವಿನತ್ತ ಹೆಣೆಯುತ್ತಾ ಹೋದಂತೆ ಸುತ್ತುಗಳು ಕಿರಿದಾಗಬೇಕು. ನೆತ್ತಿ ತಟ್ಟೆಯಂತೆ ಚಪ್ಪಟೆಯಾಗಿರಬೇಕಾದರೆ, ತ್ರಿಜ್ಯ ಎಷ್ಟು ಕುಗ್ಗುತ್ತದೋ ಅದರ 6.28 ಪಟ್ಟು, ಅಂದರೆ 2π ಪಟ್ಟು, ಪರಿಧಿ ಕುಗ್ಗಬೇಕು. 10 ಸೆಂ.ಮೀ. ಚೌಕದಲ್ಲಿ ಅಡ್ಡಕ್ಕೆ 20 ಕುಣಿಕೆ, ಉದ್ದಕ್ಕೆ 28 ಸುತ್ತು ಬರುವ ಹೆಣಿಗೆ ಎಂದುಕೊಳ್ಳಿ. ಆಗ ಒಂದು ಕುಣಿಕೆಯ ಅಗಲ 5 ಮಿ.ಮೀ., ಎತ್ತರ ಸುಮಾರು 3.6 ಮಿ.ಮೀ. ಪ್ರತಿ ಸುತ್ತಿಗೆ ಪರಿಧಿ ಇಳಿಯಬೇಕಾದದ್ದು 22.5 ಮಿ.ಮೀ.ನಷ್ಟು, ಅಂದರೆ ನಾಲ್ಕೂವರೆ ಕುಣಿಕೆ. ಎರಡು ಸುತ್ತಿಗೆ ಒಂಬತ್ತಾಯಿತು. ಸುತ್ತು ಬಿಟ್ಟು ಸುತ್ತಿಗೆ ಎಂಟು ಕುಣಿಕೆ ಕಳೆಯುವುದು ಹೆಣೆಯುವವರ ವಾಡಿಕೆ! ಆ ಒಂದರ ವ್ಯತ್ಯಾಸದಿಂದ ನೆತ್ತಿ ಸ್ವಲ್ಪವೇ ಉಬ್ಬುತ್ತದೆ.

ಇನ್ನೂ ಕಡಿಮೆ ಕಳೆದರೆ ಟೋಪಿ ಚೂಪಾಗುತ್ತದೆ. ಮಿತಿ ಮೀರಿ ಕಳೆದರೆ ಅಂಚಿನ ಬಟ್ಟೆಗೆ ಜಾಗ ಸಾಲದೆ ಅಲೆಅಲೆಯಾಗಿ ಏಳುತ್ತದೆ. ಈ ಅಲೆ ತಪ್ಪೇ ಆಗಬೇಕಿಲ್ಲ. 1997ರಲ್ಲಿ ಗಣಿತಜ್ಞೆ ಡೈನಾ ಟೈಮಿನಾ ಕುಣಿಕೆಗಳನ್ನು ಬೇಕೆಂದೇ ಹೆಚ್ಚಿಸುತ್ತಾ ಹೋಗಿ, ಅಂಚಿನತ್ತ ಹೋದಷ್ಟೂ ಹರವು ಹೆಚ್ಚಿ ಅಲೆಅಲೆಯಾಗುವ ಹೈಪರ್ಬೋಲಿಕ್ ಜ್ಯಾಮಿತಿಯ ಮೇಲ್ಮೈಯನ್ನು ಕ್ರೋಶಾದಲ್ಲಿ ಮಾಡಿ ಕೈಗಿತ್ತರು.

ಲೇಸಿನ ತೂತಿಗೂ ಜಮಾಖರ್ಚು ಉಂಟು. ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಹಾಯಿಸಿದರೆ ತೂತು ಬೀಳುತ್ತದೆ, ಜೊತೆಗೆ ಒಂದು ಕುಣಿಕೆ ಹೆಚ್ಚುತ್ತದೆ. ಪಕ್ಕದ ಎರಡನ್ನು ಕೂಡಿಸಿ ಹೆಣೆದರೆ ಆ ಸಾಲ ತೀರುತ್ತದೆ. ನೆತ್ತಿಗೆ ಬಂದಾಗ ಕೆಲವು ಕಡೆ ಹಾಯಿಸುವುದನ್ನು ಮಾತ್ರ ಬಿಟ್ಟು ಕೂಡಿಸುವುದನ್ನು ಮುಂದುವರಿಸಿದರೆ ಸಾಕು, ವಿನ್ಯಾಸ ಕೆಡದೆ ಟೋಪಿ ಕಿರಿದಾಗುತ್ತದೆ. ಇಷ್ಟು ಸರಳ ಉಪಾಯ ಮೊದಲು ಹೊಳೆದದ್ದು ಯಾರ ಕೈಗೋ!

ಕಡ್ಡಿಯಿಂದ ಇಳಿಸಿದಾಗ ಬೆರೆಟ್ ಮುದುಡಿದ ಚೀಲದಂತಿರುತ್ತದೆ, ತೂತುಗಳೂ ಮುಚ್ಚಿಕೊಂಡಿರುತ್ತವೆ. ಇನ್ನು ಮುಂದಿನದು ನೀರಿನ ಕೆಲಸ. ಉಣ್ಣೆಯೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಳಿಗಳನ್ನು ಹಿಡಿದಿರುವ ಹೈಡ್ರೋಜನ್ ಬಂಧಗಳು ಎಳೆಯೊಳಗೆ ನೀರು ಹೊಕ್ಕಾಗ ಸಡಿಲುತ್ತವೆ, ಒಣಗಿದಾಗ ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಇದಕ್ಕಿಂತ ಗಟ್ಟಿಯಾದ ಗಂಧಕದ ಬಂಧಗಳಿಗೆ ನೀರಿನಿಂದ ಏನೂ ಆಗದು. ಹಾಗಾಗಿ ಎಳೆ ಹಾಳಾಗುವುದಿಲ್ಲ. ಅಕ್ರಿಲಿಕ್ ನೂಲು ನೀರಿಗೆ ಹೀಗೆ ಮಣಿಯುವುದಿಲ್ಲ.

ಒದ್ದೆ ಬೆರೆಟ್ಟಿನೊಳಗೆ ಊಟದ ತಟ್ಟೆಯೊಂದನ್ನು ತೂರಿಸಿ. ಹಣೆಪಟ್ಟಿಯನ್ನು ಮಾತ್ರ ಎಳೆಯಬೇಡಿ, ಅದು ಬಿಗಿಯಾಗಿಯೇ ಇರಬೇಕು. ಪೂರ್ತಿ ಒಣಗಿದ ಮೇಲೆ ತಟ್ಟೆ ಹೊರತೆಗೆದರೆ, ತೂತುಗಳೆಲ್ಲ ಬಾಯಿ ತೆರೆದು ನಿಂತಿರುತ್ತವೆ.