ಹಿಂಜರಿತದ ಏಟು ಯಾರಿಗೆ? ಪಿಂಚಣಿ ಬಗ್ಗೆ ಒಂದು ಟಿಪ್ಪಣಿ

ನಿನ್ನೆ ಧಾರವಾಡದ ಸಪ್ತಾಪುರದ ರೀಡಿಂಗ್ ರೂಮಿನ ಹೊರಗೆ ಚಹಾ ಕುಡಿಯುವಾಗ ಇದೇ ವಾದ. "ಪಿಂಚಣಿ ಅಂದ್ರೆ ಸರ್ಕಾರಕ್ಕೆ ಹೊರೆ, ಅಷ್ಟೇ" ಅಂತ ಗೆಳೆಯ ಒಂದೇ ಸಾಲಿನಲ್ಲಿ ಮುಗಿಸಿದ. ನಾವು ಓದುತ್ತಿರುವ ಸರ್ಕಾರಿ ನೌಕರಿ ಪರೀಕ್ಷೆಯಲ್ಲಿ ಹಾಗೆ ಬರೆದರೆ ಅರ್ಧ ಅಂಕವೇ ಸಿಗೋದು.

ಉಳಿದರ್ಧ ನನಗೆ ಹೊಳೆದದ್ದು ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಬಿದ್ದಿತ್ತು. ಆರ್ಥಿಕತೆ ಹೀಗೆ ಕುಸಿಯುವುದೇ ಹಿಂಜರಿತ. ಆಟೋದವರ ಪುಟ, ಟೈಲರ್ ಪುಟ ತುಂಬುತ್ತಲೇ ಹೋದವು. ತಿಂಗಳು ತಿಂಗಳು ಚುಕ್ತಾ ಆಗುತ್ತಿದ್ದದ್ದು ರಿಟೈರ್ಡ್ ಮಾಸ್ತರರ ಪುಟ. ಆ ದುಡ್ಡಿನಿಂದಲೇ ಅಂಗಡಿಯವರು ಮುಂದಿನ ಮಾಲು ತಂದರು. ಯಾರೂ ಹೊಸ ಆದೇಶ ಹೊರಡಿಸದೆ ಪೇಟೆಗೆ ಹಣ ಬರುತ್ತಿತ್ತು, ಅಲ್ವಾ? ಕುಸಿತವನ್ನು ತಾನಾಗಿಯೇ ತಡೆಯುವ ಇಂಥ ವೆಚ್ಚಕ್ಕೆ ಪುಸ್ತಕದಲ್ಲಿ 'ಸ್ವಯಂಚಾಲಿತ ಸ್ಥಿರಕಾರಕ' ಅಂತ ಬಾಯಿ ತಿರುಗದ ಹೆಸರು. ಹಿಂಜರಿತದಲ್ಲಿ ನಿರುದ್ಯೋಗ ಭತ್ಯೆಯ ವೆಚ್ಚ ಹೆಚ್ಚಾಗುತ್ತದೆ, ಪಿಂಚಣಿ ಹಾಗೆ ಹೆಚ್ಚಾಗುವುದಿಲ್ಲ. ಸುಮ್ನೆ ನಿಲ್ಲುವುದಿಲ್ಲ, ಅಷ್ಟೇ. ಆದರೆ ಅಷ್ಟೂ ದೊಡ್ಡದೇ.

ಇನ್ನು ಖಜಾನೆ ಕಡೆ ನೋಡಿ. ತೆರಿಗೆ ಇಳಿಯುತ್ತದೆ. ಸಂಬಳ, ಪಿಂಚಣಿ, ಹಳೆ ಸಾಲದ ಬಡ್ಡಿ ಇಳಿಯುವುದಿಲ್ಲ. ಕೊಡಲೇಬೇಕಾದ ಇವೇ ಬದ್ಧ ವೆಚ್ಚ. ರಾಜ್ಯ ನೋಟು ಅಚ್ಚು ಹಾಕುವಂತಿಲ್ಲ, ಸಾಲಕ್ಕೂ ಮಿತಿ ಇದೆ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ವಿತ್ತೀಯ ಕೊರತೆ ರಾಜ್ಯದ ಜಿಎಸ್‌ಡಿಪಿಯ (ಅಂದರೆ ರಾಜ್ಯದ ಮಟ್ಟದ ಜಿಡಿಪಿಯ) ಶೇ 3 ದಾಟಬಾರದು. 2020ರಲ್ಲಿ ಅದನ್ನು ಶೇ 5ಕ್ಕೆ ಸಡಿಲಿಸಬೇಕಾಯಿತು. ಮಿತಿ ಮುಟ್ಟಿದಾಗ ಕತ್ತರಿ ಬೀಳುವುದು ಸುಲಭಕ್ಕೆ ಸಿಗುವ ಕಡೆ: ರಸ್ತೆ, ಸೇತುವೆ, ಶಾಲೆಯ ಕೋಣೆ. ಗುತ್ತಿಗೆದಾರರ ಬಿಲ್ಲು ನಿಂತರೆ ಗೌಂಡಿಯ ಪಗಾರವೂ ನಿಂತಿತು. ಹಿಂಜರಿತದಲ್ಲಿ ಸರ್ಕಾರ ಕೈ ಬಿಚ್ಚಬೇಕು ಅಂತ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಹೇಳಿದ್ದು ನಿಜ, ಆದರೆ ಬಿಚ್ಚಲು ಕೈಯಲ್ಲಿ ಏನಾದರೂ ಇರಬೇಕಲ್ಲ!

ಪಿಂಚಣಿದಾರರೂ ಪೂರ್ತಿ ಪಾರಾಗಲಿಲ್ಲ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರನ್ನು ಕೇಳಿ ನೋಡಿ. ಕೇಂದ್ರವು 2020ರ ಜನವರಿಯಿಂದ ತುಟ್ಟಿ ಪರಿಹಾರವನ್ನು, ಅಂದರೆ ಬೆಲೆ ಏರಿದಂತೆ ಮೂಲ ಪಿಂಚಣಿಯ ಮೇಲೆ ಸೇರಿಸುವ ಹಣವನ್ನು, ಶೇ 17ಕ್ಕೇ ನಿಲ್ಲಿಸಿತು. 2021ರ ಜುಲೈನಿಂದ ಒಮ್ಮೆಗೇ ಶೇ 28 ಮಾಡಿತು, ಆದರೆ ನಡುವಿನ 18 ತಿಂಗಳ ಬಾಕಿ ಕೊಡಲಿಲ್ಲ. ಮೂಲ ಪಿಂಚಣಿ 20,000 ಇದ್ದವರಿಗೆ ಪರಿಹಾರ 3,400ರಿಂದ 5,600ಕ್ಕೆ ಏರಿತು. ತಡೆ ಹಿಡಿದ ಮೂರು ಕಂತುಗಳ ಹಳೆ ಲೆಕ್ಕ ಹಾಗೇ ಹೋಯಿತು.

ಈಗ ಎನ್‌ಪಿಎಸ್, ಅಂದರೆ ನೌಕರರ ಮತ್ತು ಸರ್ಕಾರದ ವಂತಿಗೆಯನ್ನು ಪೇಟೆಯಲ್ಲಿ ತೊಡಗಿಸಿ ಗಂಟು ಕಟ್ಟುವ ಹೊಸ ಪಿಂಚಣಿ ಪದ್ಧತಿ. ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಇದು. ನಾವು ಪಾಸಾದರೆ ನಮಗೂ ಇದೇ ಲೆಕ್ಕ! ಹಳೆ ಪದ್ಧತಿಯಲ್ಲಿ ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ ಖಾತ್ರಿ. ಎನ್‌ಪಿಎಸ್‌ನಲ್ಲಿ ಕೂಡಿಬಿದ್ದ ಗಂಟಿನ ಕನಿಷ್ಠ ಶೇ 40ರಿಂದ ವರ್ಷಾಶನ, ಅಂದರೆ ವಿಮಾ ಕಂಪನಿ ಕೊಡುವ ನಿಯಮಿತ ಆದಾಯ, ಕೊಳ್ಳಬೇಕು. ಎಲ್ಲರೂ ಷೇರುಪೇಟೆಗೆ ಹೆದರುತ್ತಾರೆ. ನನಗೆ ಬಡ್ಡಿದರದ್ದೇ ಜಾಸ್ತಿ ಚಿಂತೆ. ಗಂಟು 40 ಲಕ್ಷ ಅಂದುಕೊಳ್ಳಿ. ವರ್ಷಾಶನಕ್ಕೆ 16 ಲಕ್ಷ. ದರ ಶೇ 6 ಇದ್ದರೆ ತಿಂಗಳಿಗೆ 8,000. ಹಿಂಜರಿತದಲ್ಲಿ ಬಡ್ಡಿ ಇಳಿದು ಶೇ 5 ಆದಾಗ ನಿವೃತ್ತರಾದರೆ ಸುಮಾರು 6,670. ಆಗ ಕೊಂಡ ದರವೇ ಮುಂದೆಯೂ. ಅಂದರೆ ಮೊದಲು ಖಜಾನೆಗೆ ಬೀಳುತ್ತಿದ್ದ ಏಟು ಈಗ ನೌಕರರ ಬೆನ್ನಿಗೆ. 2025ರ ಏಪ್ರಿಲ್‌ನಿಂದ ಕೇಂದ್ರ ತಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ), 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಎನ್ನುತ್ತದೆ. ಏಟಿನ ಒಂದು ಪಾಲು ಮತ್ತೆ ಖಜಾನೆಗೇ ಹೋಯಿತು.

ಅದೇ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. ನಿಗಮದ ಚಾಲಕರಿಗೆ ಇವ್ಯಾವೂ ಅಲ್ಲ, ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆಯಾದ ಇಪಿಎಸ್-95. 15,000 ವೇತನ ಮಿತಿಯಲ್ಲಿ 28 ವರ್ಷ ಸೇವೆ, ಜೊತೆಗೆ 2 ವರ್ಷ ಬೋನಸ್ ಅಂದರೆ ಯೋಜನೆಯ ಸೂತ್ರದಂತೆ (ವೇತನ × ಸೇವೆ ÷ 70) 15,000 × 30 ÷ 70. ಹೆಚ್ಚೆಂದರೆ 6,428 ರೂಪಾಯಿ. ಅದಕ್ಕೆ ತುಟ್ಟಿ ಪರಿಹಾರವೇ ಇಲ್ಲ, ಹಾಗಾಗಿ ತಡೆ ಹಿಡಿಯುವ ಪ್ರಶ್ನೆಯೂ ಬರಲಿಲ್ಲ.